ತಮ್ಮ ಕಲ್ಯಾಣ್ ಸ್ಟೇಷನ್ನಿನಲ್ಲಿ ಇಳಿದಿದ್ದಾನೆ, ಆಮೇಲೆ ಗೊತ್ತಿಲ್ಲ

ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿರುವವರು ಮುಂಬಯಿಯ ಸರ್ಕಾರಿ ಆಸ್ಪತ್ರೆಯೊಂದರ ಮಾನಸಿಕ ರೋಗ ವಿಭಾಗದಲ್ಲಿ ಸೋಶಿಯಲ್ ವರ್ಕರ್ ಆಗಿದ್ದು ನಿವೃತ್ತರಾದವರು. ಪತ್ರ ಬರೆದವರ ಹೆಸರು ಪ್ರಕಟಿಸುವುದಿಲ್ಲ.

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಡೊಂಬಿವಲಿಯವರು, ಊರು ಕುಂದಾಪುರದ ಹತ್ತಿರ. ನನ್ನ ತಮ್ಮನಿಗೆ 36 ವರ್ಷ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಕಾಯಿಲೆ ಶುರುವಾಯಿತು, ಡಾಕ್ಟರು ಸ್ಕಿಜೋಫ್ರೇನಿಯಾ ಅಂದರು. ಮಾತ್ರೆ ತಗೊಂಡಾಗ ಚೆನ್ನಾಗಿಯೇ ಇರುತ್ತಿದ್ದ. ಅಪ್ಪನ ಹೋಟೆಲಿನಲ್ಲಿ ಗಲ್ಲಾದ ಮೇಲೂ ಕೂರುತ್ತಿದ್ದ. ಕಳೆದ ವರ್ಷ ಯಾರಿಗೂ ಹೇಳದೆ ಮಾತ್ರೆ ಬಿಟ್ಟಿದ್ದಾನೆ. ಅವನು ಹೋದ ಮೇಲೆ ದಿಂಬಿನ ಕವರಿನೊಳಗೆ ಮಾತ್ರೆಗಳು ಸಿಕ್ಕವು. ಹೋಳಿ ಆದ ವಾರ ಬೆಳಿಗ್ಗೆ ಹಾಲು ತರ್ತೇನೆ ಅಂತ ಹೋದವನು ಬರಲಿಲ್ಲ. ಮೊಬೈಲ್ ಮನೆಯಲ್ಲೇ ಇತ್ತು. ಕಲ್ಯಾಣ್ ಸ್ಟೇಷನ್ನಿನ ಸಿಸಿಟಿವಿಯಲ್ಲಿ ಅವನು ಲೋಕಲ್‌ನಿಂದ ಇಳಿದು ಬ್ರಿಜ್ ಹತ್ತುವುದು ಕಾಣಿಸುತ್ತದೆ. ಕೈಯಲ್ಲಿ ಹಾಲಿನ ಚೀಲ ಇದೆ. ಆಮೇಲೆ ಏನೂ ಇಲ್ಲ. ಪೊಲೀಸರು "ದೊಡ್ಡವನು, ಮನಸ್ಸಾದಾಗ ಬರ್ತಾನೆ" ಅನ್ನುತ್ತಾರೆ. ತಂಗಿಗೆ ಗಂಡು ನೋಡುತ್ತಿದ್ದ ಸಮಯ, ಕಾಯಿಲೆ ವಿಷಯ ಬರೆಸಬೇಡಿ ಅಂತ ಚಿಕ್ಕಪ್ಪ ಹೇಳಿದರು. ಹಾಗಾಗಿ ದೂರಿನಲ್ಲಿ "ಮನೆಯಲ್ಲಿ ಮಾತಿಗೆ ಮಾತು ಬೆಳೆದು ಹೋದ" ಅಂತ ಬರೆಸಿದ್ದೇವೆ. ಅಮ್ಮ ಊರಲ್ಲಿ ದರ್ಶನದಲ್ಲಿ, ಮೈಮೇಲೆ ದೈವ ಬಂದವರ ಹತ್ತಿರ ಕೇಳಿಸಿದಾಗ ಉತ್ತರ ದಿಕ್ಕಿನಲ್ಲಿದ್ದಾನೆ ಅಂತ ಬಂತು. ವರ್ಷವಾಗುತ್ತಾ ಬಂತು. ಇನ್ನು ಎಲ್ಲಿ ಹುಡುಕಲಿ? ಹುಡುಕುವುದನ್ನು ಬಿಟ್ಟರೆ ನಾನು ಅಕ್ಕ ಅನ್ನಿಸಿಕೊಳ್ಳುತ್ತೇನಾ?

ಉತ್ತರ: ತಂಗೀ, ಎಲ್ಲಿ ಹುಡುಕಬೇಕು ಅನ್ನುವುದಕ್ಕಿಂತ ಮೊದಲು ಆ ದೂರಿನ ಮಾತು. ನಾಳೆಯೇ ಠಾಣೆಗೆ ಹೋಗಿ ಅದನ್ನು ಸರಿ ಮಾಡಿಸಿ. "ಇವನಿಗೆ ಇಷ್ಟು ವರ್ಷದಿಂದ ಸ್ಕಿಜೋಫ್ರೇನಿಯಾ ಇದೆ, ಮಾತ್ರೆ ಬಿಟ್ಟಿದ್ದ, ತನ್ನನ್ನು ತಾನು ನೋಡಿಕೊಳ್ಳುವ ಸ್ಥಿತಿಯಲ್ಲಿ ಇಲ್ಲ" ಅಂತ ಹೊಸ ಹೇಳಿಕೆ ಬರೆದುಕೊಡಿ. ಆಸ್ಪತ್ರೆಯ ಕೇಸ್ ಪೇಪರು, ಕೊನೆಯ ಚೀಟಿ, ಎರಡರ ಜೆರಾಕ್ಸ್ ಜೊತೆಗಿಡಿ. ಕೊಟ್ಟಿದ್ದಕ್ಕೆ ಸಹಿ, ಸೀಲು ಹಾಕಿಸಿಕೊಂಡೇ ಬನ್ನಿ.

ಈಗ ಆ ಕಾಗದದಲ್ಲಿ ಇರುವುದು ಜಗಳ ಮಾಡಿಕೊಂಡು ಮನೆ ಬಿಟ್ಟ ಗಂಡಸಿನ ಕಥೆ. ಅಂಥವನನ್ನು ಯಾವ ಪೊಲೀಸರೂ ಹುಡುಕುವುದಿಲ್ಲ. 18 ತುಂಬದ ಮಗು ಕಾಣೆಯಾದರೆ ಎಫ್‌ಐಆರ್ ಆಗುತ್ತದೆ. ದೊಡ್ಡವರಾದರೆ "ಮಿಸಿಂಗ್" ರಿಜಿಸ್ಟರಿನಲ್ಲಿ ಬರೆದಿಟ್ಟು ಸುಮ್ನಾಗುತ್ತಾರೆ. ಆದರೆ ಕಾಯಿಲೆ ಇರುವವರ ಮಾತು ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ನೋಡಿ. ಮಾನಸಿಕ ಕಾಯಿಲೆಯಿಂದ ಬೀದಿಯಲ್ಲಿ ಅಲೆಯುತ್ತಿರುವವರು ಕಂಡರೆ ಆ ಠಾಣೆಯವರು ಅವರನ್ನು ರಕ್ಷಣೆಗೆ ತಗೊಳ್ಳಬೇಕು, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಲಾಕಪ್ಪಿಗೆ ಹಾಕುವಂತಿಲ್ಲ. ಕಾಣೆಯಾದವರ ಎಫ್‌ಐಆರ್ ಮಾಡಿ ಮನೆಯವರನ್ನು ಹುಡುಕುವುದು ಠಾಣಾಧಿಕಾರಿಯ ಕರ್ತವ್ಯ ಅಂತಲೂ ಅದರಲ್ಲೇ ಇದೆ. ಎಲ್ಲೋ ಒಂದು ಠಾಣೆಯವರು ನಿಮ್ಮ ತಮ್ಮನಂಥ ಒಬ್ಬನನ್ನು ಆಸ್ಪತ್ರೆಗೆ ಸೇರಿಸಿ, ಮನೆಯವರು ಯಾರು ಅಂತ ಮಿಸಿಂಗ್ ಪಟ್ಟಿ ತೆಗೆದರು ಅಂತಿಟ್ಟುಕೊಳ್ಳಿ. ಅವರು ಹುಡುಕುವುದು ಕಾಯಿಲೆಯ ಮನುಷ್ಯನನ್ನು. ನಿಮ್ಮ ದೂರಿನಲ್ಲಿ ಅಂಥ ಮನುಷ್ಯನೇ ಇಲ್ಲ ಅಲ್ವಾ?

ಚಿಕ್ಕಪ್ಪನ ಮೇಲೆ ಸಿಟ್ಟಾಗಬೇಡಿ. ಮಾನ ಕಾಪಾಡಲು ಹೋಗಿ ಎಷ್ಟೋ ಮನೆಗಳಲ್ಲಿ ಹೀಗೇ ಆಗಿದೆ. ಆದರೆ ತಂಗಿಗೆ ಬರುವ ಸಂಬಂಧದವರಿಗೂ ಈಗ ನೇರವಾಗಿ ಹೇಳಿಬಿಡಿ. ಅಣ್ಣನಿಗೆ ಕಾಯಿಲೆ ಇದೆ, ಅವನು ಕಾಣೆಯಾಗಿದ್ದಾನೆ, ನಾವು ಹುಡುಕುತ್ತಿದ್ದೇವೆ ಅಂತ. ಇದನ್ನು ಕೇಳಿ ಎದ್ದು ಹೋಗುವ ಮನೆಗೆ ನಿಮ್ಮ ತಂಗಿ ಹೋಗದಿದ್ದರೆ ನಷ್ಟವೇನಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಕಲ್ಯಾಣ್. ನೀವು ದೂರು ಕೊಟ್ಟಿದ್ದು ಮನೆ ಹತ್ತಿರದ ಠಾಣೆಯಲ್ಲಿ. ರೈಲ್ವೆ ಪೊಲೀಸರದ್ದು (ಜಿಆರ್‌ಪಿ) ಬೇರೆಯೇ ಠಾಣೆ. ಕಲ್ಯಾಣದ ಜಿಆರ್‌ಪಿಗೆ ಹೋಗಿ ಅಲ್ಲೂ ಒಂದು ಪ್ರತಿ ಕೊಡಿ. ಸಿಸಿಟಿವಿ ಚಿತ್ರ ಬಹಳ ದಿನ ಉಳಿಯುವುದಿಲ್ಲ. ನಿಮ್ಮ ಹತ್ತಿರ ಇರುವ ತುಣುಕನ್ನು ಪೆನ್‌ಡ್ರೈವಿಗೆ ಹಾಕಿ ಬೇರೆ ಇಬ್ಬರ ಹತ್ತಿರವೂ ಇಡಿ. ಕಲ್ಯಾಣದಿಂದ ಹಳಿ ಎರಡು ಕಡೆ ಒಡೆಯುತ್ತದೆ. ಒಂದು ಕಸಾರಾ, ಇಗತ್‌ಪುರಿ, ನಾಸಿಕ್ ಕಡೆ. ಇನ್ನೊಂದು ಕರ್ಜತ್, ಲೋನಾವಳ, ಪುಣೆ, ಸೊಲ್ಲಾಪುರ ಕಡೆ. ಮುಂಬಯಿಯಿಂದ ಊರಿಗೆ ಹೊರಡುವ ಕೊಂಕಣ ಗಾಡಿ ಕಲ್ಯಾಣಕ್ಕೆ ಬರುವುದಿಲ್ಲ, ದಿವಾದಲ್ಲೇ ಪನವೇಲ್ ಕಡೆ ತಿರುಗಿಬಿಡುತ್ತದೆ. "ಊರಿಗೇ ಹೋಗಿರ್ತಾನೆ" ಅಂತ ಎಲ್ಲರೂ ಮಡಗಾಂವ್, ಕಾರವಾರ ಅಂತ ಅಲೆದಿದ್ದರೆ, ಈ ಎರಡು ದಾರಿ ಇನ್ನೂ ಬಾಕಿ ಇದೆ. ಅಮ್ಮನಿಗೆ ದರ್ಶನದಲ್ಲಿ ಉತ್ತರ ಅಂತ ಬಂದಿದ್ದರೆ ನಾಸಿಕ್ ಕಡೆಯಿಂದಲೇ ಶುರು ಮಾಡಿ, ಅವರಿಗೂ ಸಮಾಧಾನ. ಆದರೆ ದಿಕ್ಕು ಕೇಳಿಸಲು ಮತ್ತೆ ಮತ್ತೆ ದುಡ್ಡು ಸುರಿಯುವುದು ಬೇಡ. ಆ ದುಡ್ಡು ಓಡಾಟಕ್ಕೆ ಬೇಕಾಗುತ್ತದೆ.

ಮಹಾರಾಷ್ಟ್ರದಲ್ಲಿ ಸರ್ಕಾರದ ಪ್ರಾದೇಶಿಕ ಮನೋರುಗ್ಣಾಲಯಗಳು ನಾಲ್ಕು ಊರಲ್ಲಿವೆ: ಠಾಣೆ, ಪುಣೆಯ ಯೆರವಡಾ, ನಾಗಪುರ, ರತ್ನಾಗಿರಿ. ಕೋರ್ಟ್ ಅಥವಾ ಪೊಲೀಸರ ಮೂಲಕ ಬಂದ, ಹೆಸರು ಗೊತ್ತಿಲ್ಲದ ರೋಗಿಗಳು ಇಂಥ ಕಡೆ ಇರುತ್ತಾರೆ. ಫೋನಿನಲ್ಲಿ ಕೇಳಿದರೆ ಹೇಳುವುದಿಲ್ಲ. ರೋಗಿಯ ಗುಟ್ಟು ಕಾಪಾಡಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ, ಅದು ಸರಿಯೇ. ಮಿಸಿಂಗ್ ದೂರಿನ ಪ್ರತಿ, ನಿಮ್ಮ ಗುರುತಿನ ಚೀಟಿ, ಫೋಟೋ ಹಿಡಿದುಕೊಂಡು ಖುದ್ದಾಗಿ ಹೋಗಿ. ಅಲ್ಲಿಯ ಸೋಶಿಯಲ್ ವರ್ಕರನ್ನೇ ಕೇಳಿಕೊಂಡು ಹೋಗಿ. ಡೀನ್, ಸೂಪರಿಂಟೆಂಡೆಂಟ್ ಅಂತ ಬಾಗಿಲು ಕಾಯುವುದಕ್ಕಿಂತ ಅದು ಬೇಗ ಆಗುತ್ತದೆ. ಭಿಕ್ಷಾಟನೆ ತಡೆ ಕಾಯ್ದೆಯಡಿ ಹಿಡಿದವರನ್ನು ಇಡುವ ಚೆಂಬೂರಿನ ಭಿಕ್ಷುಕರ ಗೃಹವನ್ನೂ ಬಿಡಬೇಡಿ. ಗಡ್ಡ ಬೆಳೆದು, ಬಟ್ಟೆ ಹರಿದು, ಮಾತಾಡದ ಮನುಷ್ಯನನ್ನು ಭಿಕ್ಷುಕ ಅಂದುಕೊಳ್ಳಲು ಎಷ್ಟು ಹೊತ್ತು ಬೇಕು?

ಕರ್ಜತ್‌ಗೆ ಮಾತ್ರ ತಪ್ಪದೆ ಹೋಗಿ. ಡಾಕ್ಟರ್ ಭರತ್ ವಾಟವಾನಿ ಅವರು ಕಟ್ಟಿದ ಶ್ರದ್ಧಾ ರಿಹ್ಯಾಬಿಲಿಟೇಷನ್ ಫೌಂಡೇಷನ್ ಅಲ್ಲಿದೆ. ಬೀದಿಯಲ್ಲಿ ಅಲೆಯುವ ಮಾನಸಿಕ ರೋಗಿಗಳನ್ನು ಕರೆತಂದು, ಔಷಧ ಕೊಟ್ಟು, ಮನೆಗೆ ಮುಟ್ಟಿಸುವುದೇ ಅವರ ಕೆಲಸ. 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರೂ ಅವರ ಹೆಂಡತಿಯೂ ಈ ಕೆಲಸಕ್ಕೆ ಇಳಿದದ್ದು ಮುಂಬಯಿಯ ಬೀದಿಯಲ್ಲಿ ಚರಂಡಿ ನೀರು ಕುಡಿಯುತ್ತಿದ್ದ ಒಬ್ಬ ಹುಡುಗನನ್ನು ಕಂಡ ಮೇಲೆ. ಔಷಧಿಗೆ ಗುಣವಾದಾಗ ನೋಡಿದರೆ ಅವನು ಚೆನ್ನಾಗಿ ಓದಿದ ಹುಡುಗ, ಆಂಧ್ರದವನು.

ಇಂಥ ಕಡೆ ಮನೆ ಪತ್ತೆಯಾಗುವುದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮಗೆ ಇದರಿಂದಲೇ ಜಾಸ್ತಿ ಉಪಯೋಗ. ಬಂದ ಹೊಸದರಲ್ಲಿ ರೋಗಿ ಏನೂ ಹೇಳುವುದಿಲ್ಲ. ಔಷಧಿ ಶುರುವಾಗಿ ಕೆಲವು ವಾರ ಕಳೆದ ಮೇಲೆ ಒಂದು ದಿನ ಊಟದ ಹೊತ್ತಿಗೆ ಒಂದು ಮಾತು ಬರುತ್ತದೆ. ಅದು ಹೆಚ್ಚಾಗಿ ಇವತ್ತಿನ ವಿಳಾಸ ಆಗಿರುವುದಿಲ್ಲ. ಚಿಕ್ಕಂದಿನ ಶಾಲೆ, ಅಜ್ಜನ ಮನೆ, ಊರಿನ ದೇವಸ್ಥಾನ, ಬಸ್‌ಸ್ಟಾಂಡಿನ ಅಂಗಡಿ, ಇಂಥದ್ದು. ಒಬ್ಬ ಹುಡುಗ ನಮ್ಮ ವಾರ್ಡಿನಲ್ಲಿ ತನ್ನ ಹೆಸರನ್ನೇ ಹೇಳಿರಲಿಲ್ಲ, ಆದರೆ ರಥಬೀದಿಯಲ್ಲಿ ತೇರು ಯಾವ ಅಂಗಡಿಯ ಮುಂದೆ ನಿಲ್ಲುತ್ತದೆ ಅಂತ ಬೆರಳಲ್ಲಿ ನೆಲದ ಮೇಲೆ ಗೀಚಿ ತೋರಿಸಿದ್ದ. ಆ ಒಂದು ಸುಳಿವು ಹಿಡಿದು ಅಲ್ಲಿಯವರು ಆ ಊರಿನ ಠಾಣೆಗೆ, ಪಂಚಾಯತಿಗೆ ಫೋನ್ ಹಾಕುತ್ತಾರೆ.

ಅಂದರೆ ಫೋನ್ ಬಂದರೆ ಡೊಂಬಿವಲಿಗೆ ಬರುವುದಿಲ್ಲ, ಕುಂದಾಪುರದ ಕಡೆ ಬರುತ್ತದೆ. ಅಲ್ಲಿ ಎತ್ತುವವರಿಗೆ ನಿಮ್ಮ ತಮ್ಮನ ವಿಷಯ ಗೊತ್ತಿದೆಯಾ? ನೀವು ಮುಂಬಯಿಗೆ ಬಂದು ಎರಡು ತಲೆಮಾರು ಆಗಿರಬಹುದು, ಊರಲ್ಲಿ ಹೊಸ ಎಸ್‌ಐ, ಹೊಸ ಪಿಡಿಒ ಬಂದಿರುತ್ತಾರೆ. ಅವನ ಫೋಟೋ, ನಿಮ್ಮ ನಂಬರು ಇರುವ ಒಂದು ಹಾಳೆಯನ್ನು ಊರಿನ ಠಾಣೆಗೆ, ಪಂಚಾಯತಿಗೆ, ಅವನು ಬೇಸಿಗೆ ರಜೆಯಲ್ಲಿ ಹೋಗಿರುತ್ತಿದ್ದ ದೇವಸ್ಥಾನಕ್ಕೆ, ಪೋಸ್ಟ್ ಆಫೀಸಿಗೆ ಕೊಟ್ಟು ಬನ್ನಿ. ಅಜ್ಜಿ ಮನೆ ಬೇರೆ ಊರಾದರೆ ಅಲ್ಲಿಗೂ. ಮುಚ್ಚಿಟ್ಟ ವಿಷಯ ಊರಿಗೆಲ್ಲ ಗೊತ್ತಾಗುತ್ತದೆ ಅಂತ ಮನೆಯಲ್ಲಿ ಹೇಳುವವರು ಇರುತ್ತಾರೆ. ಗೊತ್ತಾಗಲಿ. ಗೊತ್ತಾದರೇ ತಾನೇ ಅವರು ನಿಮಗೆ ಫೋನ್ ಮಾಡುವುದು?

ಆ ಹಾಳೆಯಲ್ಲಿ ಮದುವೆ ಮನೆಯ ಫೋಟೋ ಹಾಕಬೇಡಿ. ವರ್ಷ ಬೀದಿಯಲ್ಲಿ ಕಳೆದ ಮನುಷ್ಯ ಬಿಸಿಲಿಗೆ ಕಪ್ಪಾಗಿ, ಸೊರಗಿ, ಗಡ್ಡ ಎದೆಗೆ ಇಳಿದಿರುತ್ತದೆ. ಬದಲಾಗದ ಗುರುತುಗಳನ್ನು ಬರೆಯಿರಿ. ಹಲ್ಲಿನ ಸಂದು, ಕಿವಿಯ ಆಕಾರ, ಹೋಟೆಲಿನ ಎಣ್ಣೆ ಸಿಡಿದು ಆದ ಕಲೆ ಇದ್ದರೆ ಅದು ಯಾವ ಕೈಯಲ್ಲಿ, ನಡೆಯುವಾಗ ಕೈ ಹೇಗಿಟ್ಟುಕೊಳ್ಳುತ್ತಾನೆ, ಮನೆಯಲ್ಲಿ ಯಾವ ಹೆಸರಿನಿಂದ ಕರೆದರೆ ತಿರುಗುತ್ತಾನೆ, ಒಬ್ಬನೇ ಇದ್ದಾಗ ಯಾವ ಭಾಷೆಯಲ್ಲಿ ಗುಣುಗುಡುತ್ತಾನೆ. ಹಾಳೆ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಇರಲಿ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ನಿಮ್ಮ ಡೊಂಬಿವಲಿಯ ಕರ್ನಾಟಕ ಸಂಘ, ಎಲ್ಲ ಕಡೆ ಕೊಡಿ. ನಮ್ಮ ಹೋಟೆಲಿನವರು ಇಲ್ಲದ ಸ್ಟೇಷನ್ನೇ ಇಲ್ಲ ಈ ದಾರಿಯಲ್ಲಿ. ಅವರ ಕಣ್ಣಿಗೆ ಬಿದ್ದಷ್ಟು ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗೆ ನಂಬರು ಹಂಚಿದ ಮೇಲೆ ಮೋಸದ ಫೋನುಗಳೂ ಬರುತ್ತವೆ, ಎದೆ ಗಟ್ಟಿ ಮಾಡಿಕೊಳ್ಳಿ. "ನಿಮ್ಮ ತಮ್ಮ ಇಲ್ಲೇ ಇದ್ದಾನೆ, ಟಿಕೆಟಿಗೆ ದುಡ್ಡು ಕಳಿಸಿ" ಅನ್ನುತ್ತಾರೆ. ವಿಡಿಯೋ ಕಾಲಿನಲ್ಲಿ ಮುಖ ತೋರಿಸದೆ ಒಂದು ರೂಪಾಯಿ ಕಳಿಸಬೇಡಿ. ಅಮ್ಮನ ಕೈಗೆ ಆ ಫೋನು ಸಿಗದ ಹಾಗೆ ನೋಡಿಕೊಳ್ಳಿ.

ಆಧಾರ್ ಬಗ್ಗೆಯೂ ಒಂದು ಮಾತು. ಆಶ್ರಮದಲ್ಲಿರುವವರಿಗೆ ಹೊಸ ಆಧಾರ್ ಮಾಡಿಸಲು ಹೋದಾಗ "ಈ ಬೆರಳಚ್ಚು ಮೊದಲೇ ಇದೆ" ಅಂತ ಅರ್ಜಿ ತಿರಸ್ಕಾರವಾಗಿ, ಅದರಿಂದಲೇ ಮನೆ ಪತ್ತೆಯಾದ ಪ್ರಸಂಗಗಳು ಕರ್ನಾಟಕದಲ್ಲೂ ಆಗಿವೆ, ನಾಗಪುರದ ಕಡೆಯೂ ಆಗಿವೆ. ಅವನ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಅವನದ್ದೇ ಆಗಿದ್ದರೆ ಆ ಸಿಮ್ ಸಾಯಲು ಬಿಡಬೇಡಿ, ರೀಚಾರ್ಜ್ ಮಾಡುತ್ತಿರಿ.

ಬರೆಯಲು ಕಷ್ಟವಾದರೂ ಬರೆಯಲೇಬೇಕಾದ ಮಾತು ಇದು. ಶವಗಳನ್ನೂ ನೋಡಬೇಕು. ಮುಂಬಯಿ ಲೋಕಲ್ ಹಳಿಯ ಮೇಲೆ ಸತ್ತವರಲ್ಲಿ ಗುರುತು ಸಿಗದವರು ಬಹಳ. ಅವರ ಫೋಟೋ, ಬಟ್ಟೆಯ ವಿವರ ರೈಲ್ವೆ ಪೊಲೀಸರ ಹತ್ತಿರ ಇರುತ್ತದೆ. ಅವನು ಹೋದ ದಿನದಿಂದ ಈಚಿನದ್ದನ್ನು ತೋರಿಸಿ ಅಂತ ಕೇಳಿ. ನೀವು ಒಬ್ಬರೇ ಹೋಗಬೇಡಿ, ಅಮ್ಮನನ್ನಂತೂ ಕರೆದೊಯ್ಯಲೇಬೇಡಿ. ಭಾವನನ್ನೋ ಗಟ್ಟಿ ಮನಸ್ಸಿನ ಸ್ನೇಹಿತರನ್ನೋ ಕರೆದುಕೊಂಡು ಹೋಗಿ. ಅನುಮಾನ ಇರುವ ಫೋಟೋ ಸಿಕ್ಕಿದರೆ "ಇವನೇ" ಅಂತಲೂ "ಅಲ್ಲ" ಅಂತಲೂ ಅಲ್ಲೇ ತೀರ್ಮಾನ ಮಾಡಬೇಡಿ. ಡಿಎನ್‌ಎ ಪರೀಕ್ಷೆ ಮಾಡಿಸಿ ಅಂತ ಲಿಖಿತವಾಗಿ ಕೇಳಿ. ಅಪ್ಪನದ್ದೋ ಅಮ್ಮನದ್ದೋ ರಕ್ತದ ಮಾದರಿ ಸಾಕು, ಪೊಲೀಸರೇ ಅದನ್ನು ಕಲೀನಾದ ಫೋರೆನ್ಸಿಕ್ ಲ್ಯಾಬಿಗೆ ಕಳಿಸಬಹುದು. ಇದನ್ನು ನೋಡುವುದು ಅಪಶಕುನ ಅಲ್ಲ ತಂಗೀ. ಇಲ್ಲಿ ಅವನಿಲ್ಲ ಅಂತ ಖಚಿತವಾದರೆ ಉಳಿದ ಕಡೆ ಹುಡುಕಲು ಕಾಲಿಗೆ ಶಕ್ತಿ ಬರುತ್ತದೆ.

ಸಿಕ್ಕಿದರೆ ಏನು ಮಾಡಬೇಕು ಅಂತ ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ. "ಎಲ್ಲಿ ಹಾಳಾಗಿ ಹೋಗಿದ್ದೆ" ಅಂತ ಒಬ್ಬರೂ ಬಾಯಿ ಬಿಡಬಾರದು. ಅವನು ಬರಲ್ಲ ಅನ್ನಬಹುದು, ನಿಮ್ಮ ಮೇಲೇ ಅನುಮಾನ ಪಡಬಹುದು. ಅದು ಕಾಯಿಲೆ ಆಡಿಸುವ ಮಾತು. ದಿಂಬಿನ ಕವರಿನಲ್ಲಿದ್ದ ಹಳೇ ಮಾತ್ರೆಗಳನ್ನು ತಂದು ನುಂಗಿಸಬೇಡಿ. ಇಷ್ಟು ದಿನ ಬಿಟ್ಟ ಔಷಧಿಯನ್ನು ಯಾವ ಪ್ರಮಾಣದಿಂದ ಶುರು ಮಾಡಬೇಕು ಅಂತ ಡಾಕ್ಟರೇ ಹೇಳಬೇಕು. ದಿನಾ ನುಂಗುವ ಮಾತ್ರೆಯ ಬದಲು ಕೆಲವು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್‌ಗಳೂ ಇವೆ, ಕೇಳಿ ನೋಡಿ.

ಮಾತ್ರೆ ಬಿಟ್ಟಿದ್ದು ಗಮನಿಸಲಿಲ್ಲ ಅಂತ ನೀವು ಕೊರಗುತ್ತಿರುವುದು ಪತ್ರದ ಅಕ್ಷರ ಅಕ್ಷರದಲ್ಲೂ ಕಾಣುತ್ತದೆ. ಚೆನ್ನಾಗಿದ್ದೇನೆ ಅನ್ನಿಸಿದಾಗಲೇ ಮಾತ್ರೆ ಬಿಡುವುದು ಈ ಕಾಯಿಲೆಯಲ್ಲಿ ದಿನಾ ಕಾಣುವ ಸಂಗತಿ. ಬಿಟ್ಟ ಕೂಡಲೇ ಏನೂ ಗೊತ್ತಾಗುವುದಿಲ್ಲ, ವಾರಗಳು, ತಿಂಗಳುಗಳು ಕಳೆದ ಮೇಲೆ ಕಾಯಿಲೆ ತಿರುಗಿ ಬರುತ್ತದೆ. ವಾರ್ಡಿನಲ್ಲಿ ನರ್ಸುಗಳ ಕಣ್ಣೆದುರೇ ನಾಲಿಗೆ ಕೆಳಗೆ ಮಾತ್ರೆ ಬಚ್ಚಿಡುವವರು ಇರುತ್ತಾರೆ. ಮನೆಯಲ್ಲಿ ನೀವು ಹೇಗೆ ಹಿಡಿಯುತ್ತೀರಿ?

ಬಿಡಬೇಕಾ ಅಂತ ಕೇಳಿದಿರಿ. ಬಿಡಬೇಡಿ, ಆದರೆ ದಿನಾ ಹುಡುಕಲೂ ಬೇಡಿ. ತಿಂಗಳಿಗೊಂದು ಭಾನುವಾರ ಅದಕ್ಕೇ ಇಡಿ, ಉಳಿದ ದಿನ ನಿಮ್ಮ ಮಕ್ಕಳು, ಕೆಲಸ, ನಿದ್ದೆ. ನಿದ್ದೆ ಬಾರದೇ ಇದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ಹಗಲೂ ರಾತ್ರಿ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಭಾಷೆ ಆರಿಸಿಕೊಳ್ಳಬಹುದು. ಅಮ್ಮನಿಗೂ ಮಾತಾಡಿಸಿ.

ಪ್ರಶ್ನೆ: ಅಕ್ಕಾ, ನಾನು ಪನವೇಲ್ ಸ್ಟೇಷನ್ ಹತ್ತಿರ ಒಂದು ಹೋಟೆಲಿನಲ್ಲಿ ಕೆಲಸ ಮಾಡ್ತೀನಿ. ಒಬ್ಬ ವಯಸ್ಸಾದ ಮನುಷ್ಯ ಕೆಲವು ದಿನದಿಂದ ಬೆಳಿಗ್ಗೆ ಬಂದು ಹೊರಗೆ ನಿಲ್ತಾನೆ. ತಾನೇ ತಾನು ಮಾತಾಡ್ತಾನೆ, ಅದೆಲ್ಲ ನಮ್ಮ ಬಿಜಾಪುರ ಕಡೆ ಕನ್ನಡ. "ಸಿಂದಗಿ ಬಸ್ಸು ಬಂತೇನು" ಅಂತ ಕೇಳ್ತಾನೆ. ನಾವು ಹುಡುಗರೆಲ್ಲ ದುಡ್ಡು ಹಾಕಿ ಟಿಕೆಟ್ ತೆಗೆದು ರೈಲು ಹತ್ತಿಸೋಣ ಅಂತಿದ್ದೀವಿ. ಸರಿನಾ?

ಉತ್ತರ: ತಮ್ಮಾ, ನಿಮ್ಮ ಹುಡುಗರ ಮನಸ್ಸು ದೊಡ್ಡದು. ಆದರೆ ರೈಲು ಮಾತ್ರ ಹತ್ತಿಸಬೇಡಿ. ಅವರು ನಡುವೆ ಎಲ್ಲೋ ಇಳಿದರೆ ಇವತ್ತು ನಿಮ್ಮ ಕಣ್ಣೆದುರು ಇರುವವರು ಮತ್ತೆ ಕಳೆದುಹೋಗುತ್ತಾರೆ. ಕನ್ನಡ ಬಲ್ಲವರ ಮುಂದೆ ಬಂದು ನಿಂತಿದ್ದಾರೆ, ಆ ಅದೃಷ್ಟ ಕೈಬಿಡಬಾರದು.

ಚಹಾ, ತಿಂಡಿ ಕೊಡಿ. ಪಕ್ಕದಲ್ಲಿ ಕೂತು ನಿಮ್ಮ ಕಡೆಯ ಮಾತಿನಲ್ಲೇ ಮಾತಾಡಿಸಿ. "ಹೆಸರೇನು, ಊರೇನು" ಅಂತ ಪೊಲೀಸರ ಹಾಗೆ ಕೇಳಬೇಡಿ. ಜಾತ್ರೆ ಯಾವಾಗ, ಹೊಲದಲ್ಲಿ ಈ ಸಲ ತೊಗರಿಯೋ ಜೋಳವೋ, ಸಿಂದಗಿಯಿಂದ ಊರಿಗೆ ನಡೆದು ಹೋಗಬಹುದಾ, ಹೀಗೆ ಕೇಳಿ. ಹೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ. ಆಮೇಲೆ 112ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಠಾಣೆಗೆ ಹೋಗಿ. ಮೇಲಿನ ಉತ್ತರದಲ್ಲಿ ಬರೆದ 100ನೇ ಸೆಕ್ಷನ್ ತೋರಿಸಿ. ಅವರು ಆಸ್ಪತ್ರೆಗೆ ಕರೆದೊಯ್ಯುವಾಗ ನಿಮ್ಮಲ್ಲಿ ಒಬ್ಬರು ಜೊತೆಗೆ ಹೋಗಿ, ಕನ್ನಡದಲ್ಲಿ ಹೇಳಿದ್ದನ್ನು ಡಾಕ್ಟರಿಗೆ ತಿಳಿಸಲು ಯಾರಾದರೂ ಬೇಕು. ಅದೇ ದಿನ ಸಿಂದಗಿ ಠಾಣೆಗೂ ಫೋನ್ ಮಾಡಿ, ಈ ಚಹರೆಯವರು ಕಾಣೆಯಾದ ದೂರು ಇದೆಯಾ ಅಂತ ವಿಚಾರಿಸಿ. ಆ ಮನೆಯವರೂ ದೂರಿನಲ್ಲಿ ಕಾಯಿಲೆ ಬರೆಸದೇ ಇರಬಹುದು. ಹಾಗಾಗಿ ವಯಸ್ಸು, ಎತ್ತರ, ಕಲೆಗಳನ್ನು ಹೇಳಿ ಕೇಳಿ.

ಮೊಬೈಲಿನಲ್ಲಿ ವಿಡಿಯೋ ಮಾಡಿ ಗ್ರೂಪುಗಳಿಗೆ ಬಿಡಬೇಡಿ. ಮುಖದ ಒಂದು ಫೋಟೋ ತೆಗೆದು ಪೊಲೀಸರಿಗೆ ಕೊಟ್ಟರೆ ಸಾಕು.

ಪ್ರಶ್ನೆ: ಗೋರೆಗಾಂವಿನಿಂದ ಬರೆಯುತ್ತಿದ್ದೇನೆ. ನನ್ನ ಯಜಮಾನರು ಡಿಪ್ರೆಶನ್‌ನಲ್ಲಿದ್ದರು, ಮನೆ ಬಿಟ್ಟು ಹೋಗಿ ಐದು ವರ್ಷ. ರೂಮು, ಎಲ್‌ಐಸಿ ಎರಡೂ ಅವರ ಹೆಸರಲ್ಲಿ. ಏಳು ವರ್ಷ ಆದರೆ ತಾನಾಗಿ ನಿನ್ನ ಹೆಸರಿಗೆ ಬರುತ್ತದೆ, ಪಾಲಿಸಿ ಕಟ್ಟಬೇಡ ಅಂತ ಮೈದುನ ಹೇಳುತ್ತಾರೆ. ಕುಂಕುಮದ ವಿಷಯಕ್ಕೂ ಅತ್ತೆ ಏನೇನೋ ಅನ್ನುತ್ತಾರೆ. ವಕೀಲರಿಗೆ ಕೊಡಲು ದುಡ್ಡಿಲ್ಲ.

ಉತ್ತರ: ಅಮ್ಮಾ, ತಾನಾಗಿ ಏನೂ ಬರುವುದಿಲ್ಲ. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಮನುಷ್ಯ ಬದುಕಿಲ್ಲ ಅಂತ ಕೋರ್ಟ್ ಭಾವಿಸಬಹುದು. ಹಳೇ ಸಾಕ್ಷ್ಯ ಕಾಯ್ದೆಯ 108, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಸೆಕ್ಷನ್ ಅದೇ. ಆದರೆ ನೀವು ಸಿವಿಲ್ ಕೋರ್ಟಿಗೆ ಹೋಗಿ ಆ ಘೋಷಣೆ ಪಡೆಯಬೇಕು. ಅಲ್ಲಿ ಮೊದಲು ಕೇಳುವುದು ಕಾಣೆಯಾದ ದಿನ ಕೊಟ್ಟ ಪೊಲೀಸ್ ದೂರು.

ಪಾಲಿಸಿ ನಿಲ್ಲಿಸಬೇಡಿ. ಕಾಣೆಯಾದ ದಿನವೇ ಸತ್ತರು ಅಂತ ಕಾನೂನು ಊಹಿಸುವುದಿಲ್ಲ, 2004ರಲ್ಲಿ ಎಲ್‌ಐಸಿಯದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಕಂತು ತಪ್ಪಿ ಪಾಲಿಸಿ ಬಿದ್ದುಹೋದರೆ ಕೈಗೆ ಬರುವುದು ಪುಡಿಗಾಸು.

ಕುಂಕುಮ ನಿಮ್ಮ ಹಣೆಯದು. ಇಡುತ್ತೀರೋ ಬಿಡುತ್ತೀರೋ, ನೀವೇ ನೋಡಿ. ಅತ್ತೆಗೆ ಮಗ ಹೋದ ದುಃಖ, ಎದುರು ಮಾತು ಬೇಡ, ಆದರೆ ಒಪ್ಪಿಕೊಳ್ಳಲೂ ಬೇಡ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದಿದ್ದೀರಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, 1987ರ ಕಾಯ್ದೆಯಲ್ಲೇ ಇದೆ. 15100ಕ್ಕೆ ಫೋನ್ ಮಾಡಿದರೆ ಯಾವ ಕಚೇರಿಗೆ ಹೋಗಬೇಕು ಅಂತ ಹೇಳುತ್ತಾರೆ. ಮಿಸಿಂಗ್ ದೂರು, ಅವರ ಆಸ್ಪತ್ರೆಯ ಕಾಗದ, ಪಾಲಿಸಿ, ರೂಮಿನ ಪತ್ರ, ಮದುವೆ ಸರ್ಟಿಫಿಕೇಟ್, ಎಲ್ಲದರ ಜೆರಾಕ್ಸ್ ತಗೊಂಡು ಹೋಗಿ. ಅಸಲು ಕಾಗದ ಯಾರ ಕೈಗೂ ಕೊಡಬೇಡಿ, ಮೈದುನನ ಕೈಗೂ.